ಬೇಸಿಗೆಗೆ ಮೊದಲು ಕಾರಿನ ಟೈರು ಬದಲಿಸಬೇಕು: ಸಿಂಧನೂರು ಕಡೆಯ ರಸ್ತೆಗಳಿಗೆ ಯಾವುದು ಸೂಕ್ತ?

ಸಿಂಧನೂರು ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2019ರಲ್ಲಿ ಕೊಂಡ ಪೆಟ್ರೋಲ್ ಡಿಸೈರ್ ಕಾರು ಇದೆ. ಇದುವರೆಗೆ 52,000 ಕಿ.ಮೀ. ಓಡಿದ್ದು, ಕಾರಿನ ಜೊತೆಗೆ ಬಂದ ಟೈರುಗಳೇ ಇನ್ನೂ ಇವೆ. ಅಳತೆ 185/65 ಆರ್15. ಕಳೆದ ವಾರ ಪಂಕ್ಚರ್ ಹಾಕಿಸಲು ಹೋದಾಗ ಅಂಗಡಿಯ ಹುಡುಗ ಮುಂದಿನ ಎಡಗಾಲಿಯನ್ನು ಬಿಚ್ಚಿ ನನ್ನ ಕಾಲ ಬಳಿಗೆ ಉರುಳಿಸಿ, “ಹೊರಗಿಂದ ನೋಡಿದ್ರ ಚಲೋ ಐತ್ರಿ ಸರ್, ಒಳಗಡೆ ನೋಡ್ರಿ” ಎಂದ. ಹೊರ ಅಂಚಿನಲ್ಲಿ ಗ್ರಿಪ್ ಇನ್ನೂ ಆಳವಾಗಿಯೇ ಇತ್ತು. ಒಳ ಅಂಚಿನಲ್ಲಿ ಮಾತ್ರ ಎರಡು ಬೆರಳಗಲದಷ್ಟು ರಬ್ಬರು ಸವೆದು ಸ್ಲೇಟಿನಂತೆ ನುಣ್ಣಗಾಗಿತ್ತು. ದಿನವೂ ಅದೇ ಗಾಲಿಯ ಪಕ್ಕದಲ್ಲಿ ಓಡಾಡುವ ನನ್ನ ಕಣ್ಣಿಗೆ ಇದು ಇಷ್ಟು ದಿನ ಬೀಳಲಿಲ್ಲವೆಂಬುದು ನಾಚಿಕೆಯ ಸಂಗತಿ. ಹಿಂದಿನ ಎರಡು ಟೈರುಗಳಲ್ಲಿ ಗ್ರಿಪ್ ಅರ್ಧದಷ್ಟು ಉಳಿದಿದೆ.

ನನ್ನ ಓಡಾಟದ ಬಗೆಯನ್ನು ಹೇಳಿದರೆ ಸಲಹೆ ಕೊಡುವವರಿಗೆ ಅನುಕೂಲವಾದೀತು. ನಾನು ಕೆಲಸ ಮಾಡುವ ಶಾಲೆ ಊರಿನಿಂದ ಹದಿನೆಂಟು ಕಿ.ಮೀ. ದೂರದಲ್ಲಿದೆ. ಅದರಲ್ಲಿ ಆರೇಳು ಕಿ.ಮೀ. ಎಡದಂಡೆ ಕಾಲುವೆಯ ಒಂದು ವಿತರಣಾ ನಾಲೆಯ ದಂಡೆಯ ಮೇಲಿನ ಗರಸಿನ ರಸ್ತೆ. ಉಳಿದ ಡಾಂಬರು ರಸ್ತೆಯಲ್ಲಿ, ಗದ್ದೆಗೆ ಇಳಿಸುವ ಕಬ್ಬಿಣದ ಕೇಜ್ ವೀಲ್‌ಗಳನ್ನು ಬಿಚ್ಚದೆಯೇ ಟ್ರ್ಯಾಕ್ಟರುಗಳನ್ನು ಓಡಿಸುವುದರಿಂದ ಅಂಚುಗಳೆಲ್ಲ ಕಿತ್ತುಹೋಗಿ ಕಡಿ ಎದ್ದಿದೆ. ಸುಗ್ಗಿಯ ಕಾಲದಲ್ಲಿ ಅರ್ಧ ರಸ್ತೆಗೆ ಭತ್ತ ಒಣಹಾಕಿ, ರಾಶಿಯ ಸುತ್ತ ತಲೆ ಗಾತ್ರದ ಕಲ್ಲುಗಳನ್ನು ಇಟ್ಟಿರುತ್ತಾರೆ. ಎದುರಿನಿಂದ ಲಾರಿ ಬಂದರೆ ಆ ಕಲ್ಲನ್ನು ಸವರಿಕೊಂಡೇ ಹೋಗಬೇಕು. ಇದಲ್ಲದೆ ತಿಂಗಳಿಗೆ ಒಂದೆರಡು ಬಾರಿ ತಂದೆತಾಯಿಯವರನ್ನು ಕರೆದುಕೊಂಡು ಸಿರುಗುಪ್ಪದ ಮೇಲೆ ಬಳ್ಳಾರಿಗೆ ಹೋಗಿಬರುತ್ತೇನೆ, ಅದೂ ಬಹುತೇಕ ನಡುಹಗಲಿನಲ್ಲಿ.

ಯಾವ ಕಂಪನಿಯ ಟೈರು ಹಾಕಿಸಿದರೆ ಈ ರಸ್ತೆ ಮತ್ತು ಈ ಬಿಸಿಲನ್ನು ತಡೆದೀತು ಎಂಬುದು ನನ್ನ ಮುಖ್ಯ ಪ್ರಶ್ನೆ. ಮುಂದಿನ ಎರಡನ್ನು ಮಾತ್ರ ಬದಲಿಸಿದರೆ ಸಾಕೇ, ನಾಲ್ಕನ್ನೂ ಬದಲಿಸಬೇಕೇ ಎಂಬ ಗೊಂದಲವೂ ಇದೆ. ಯುಗಾದಿಯ ಒಳಗೆ ಈ ಕೆಲಸ ಮುಗಿಸಬೇಕೆಂದಿದ್ದೇನೆ. ನಾಲ್ಕಕ್ಕೂ ಸೇರಿ ಇಪ್ಪತ್ತೆರಡು ಸಾವಿರದವರೆಗೆ ಖರ್ಚು ಮಾಡಬಲ್ಲೆ.

ಗಂಗಾವತಿ ಸಾರಥಿ:

ಮೇಷ್ಟ್ರೇ, ನಮಸ್ಕಾರ. ನಾನು ಹನ್ನೊಂದು ವರ್ಷ ಬಾಡಿಗೆ ಕಾರು ಓಡಿಸಿದವನು. ಆನೆಗೊಂದಿ, ಅಂಜನಾದ್ರಿ, ಹಂಪಿಗೆ ಬರುವ ಪ್ರವಾಸಿಗರನ್ನು ಹೊತ್ತು ತಿರುಗಿದ್ದರಿಂದ ನೀವು ಹೇಳುವ ರಸ್ತೆಗಳ ಪರಿಚಯ ನನಗೂ ಚೆನ್ನಾಗಿಯೇ ಇದೆ.

ನಮ್ಮ ಭಾಗದಲ್ಲಿ ಗ್ರಿಪ್ ಸವೆದು ಹೋಗುವ ಟೈರುಗಳಿಗಿಂತ ಪಕ್ಕೆ ಹರಿದು ಹೋಗುವ ಟೈರುಗಳೇ ಹೆಚ್ಚು ಎಂಬುದು ನನ್ನ ಅನುಭವ. ಗ್ರಿಪ್ ಇರುವ ಜಾಗದಲ್ಲಿ ರಬ್ಬರಿನ ಕೆಳಗೆ ಉಕ್ಕಿನ ತಂತಿಯ ಪಟ್ಟಿಗಳಿರುತ್ತವೆ, ಆದ್ದರಿಂದ ಅಲ್ಲಿ ಮೊಳೆ ಚುಚ್ಚಿದರೂ ಪಂಕ್ಚರ್ ಹಾಕಿಸಿಕೊಂಡು ಮುಂದೆ ಹೋಗಬಹುದು. ಪಕ್ಕೆಯಲ್ಲಿರುವುದು ಬಟ್ಟೆಯಂಥ ದಾರದ ಪದರ ಮತ್ತು ತೆಳುವಾದ ರಬ್ಬರು ಮಾತ್ರ. ಕಲ್ಲಿನ ಮೂಲೆ ಒಮ್ಮೆ ಅಲ್ಲಿ ಕಚ್ಚಿತೆಂದರೆ ಆ ಟೈರಿನ ಕತೆ ಅಲ್ಲಿಗೆ ಮುಗಿಯಿತು. ಪಕ್ಕೆಗೆ ಪಂಕ್ಚರ್ ಹಾಕಿಕೊಡುತ್ತೇನೆ ಎನ್ನುವವನ ಮಾತನ್ನು ಎಂದಿಗೂ ನಂಬಬೇಡಿ. ಒಮ್ಮೆ ಹೊಂಡಕ್ಕೆ ಬಿದ್ದ ಮರುದಿನ ಪಕ್ಕೆಯಲ್ಲಿ ನಿಂಬೆಹಣ್ಣಿನ ಹೋಳಿನಷ್ಟು ಉಬ್ಬು ಕಂಡರೆ ಒಳಗಿನ ದಾರ ಹರಿದಿದೆ ಎಂದೇ ಅರ್ಥ. ಅದೂ ಬಿಸಾಡಬೇಕಾದ ಟೈರೇ.

ಇನ್ನು ಮುಳ್ಳಿನ ವಿಷಯ. ಊರ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ನಿಮ್ಮ ನಾಲೆಯ ದಂಡೆಯ ಮೇಲೂ ಇದ್ದೇ ಇರುತ್ತದೆ. ಅದರ ಹಸಿ ಮುಳ್ಳಿಗಿಂತ, ಕಡಿದು ಹಾಕಿ ಒಣಗಿದ ಕೊಂಬೆಯ ಮುಳ್ಳು ಕೆಟ್ಟದ್ದು. ಟ್ಯೂಬ್‌ಲೆಸ್ ಟೈರಿನಲ್ಲಿ ಅದು ಮುರಿದು ಒಳಗೇ ಉಳಿದು, ಒಂದು ವಾರದವರೆಗೆ ದಿನಕ್ಕೆ ಇಷ್ಟಿಷ್ಟೇ ಹವಾ ಇಳಿಸುತ್ತಿರುತ್ತದೆ. ಗ್ರಿಪ್‌ನ ಆಳ ಇದ್ದಷ್ಟೂ ಮುಳ್ಳು ಒಳಗಿನವರೆಗೆ ತಲುಪುವುದು ಕಷ್ಟ.

ಕಂಪನಿಯ ಮಾತಿಗೆ ಬಂದರೆ, ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ, ಬ್ರಿಜ್‌ಸ್ಟೋನ್, ಗುಡ್‌ಇಯರ್, ಯೊಕೊಹಾಮಾ ಇವೆಲ್ಲ ನಿಮ್ಮ ಅಳತೆಯ ಟೈರುಗಳನ್ನು ಮಾರುತ್ತವೆ. ಪ್ರತಿಯೊಂದು ಕಂಪನಿಯಲ್ಲೂ ಎರಡು ಬಗೆ ಇರುತ್ತದೆ ಎಂದು ತಿಳಿಯಿರಿ: ಸದ್ದು ಕಡಿಮೆ, ಸವಾರಿ ಮೆತ್ತಗೆ ಎಂದು ಪಟ್ಟಣದವರಿಗಾಗಿ ಮಾಡಿದ್ದು ಒಂದು, ಹೆಚ್ಚು ಬಾಳಿಕೆ ಎಂದು ನಮ್ಮಂಥ ಬಾಡಿಗೆಯವರಿಗಾಗಿ ಮಾಡಿದ್ದು ಇನ್ನೊಂದು. ಅಪೊಲೊದ ಅಮೇಜರ್ 4ಜಿ ಲೈಫ್, ಸಿಯೆಟ್‌ನ ಮೈಲೇಜ್, ಬ್ರಿಜ್‌ಸ್ಟೋನ್‌ನ ಸ್ಟರ್ಡೊ, ಗುಡ್‌ಇಯರ್‌ನ ಡ್ಯುರಾಪ್ಲಸ್ ಈ ಎರಡನೆಯ ಗುಂಪಿಗೆ ಸೇರಿದವು. ಎಂಆರ್‌ಎಫ್‌ನ ಝಡ್‌ವಿಟಿವಿಯನ್ನು ನಾನು ಎರಡು ಜೊತೆ ಸವೆಸಿದ್ದೇನೆ. ಡಾಂಬರಿನ ಮೇಲೆ ಕೊಂಚ ಗುಂಯ್‌ಗುಡುತ್ತದೆ, ಆದರೆ ಪಕ್ಕೆ ಗಟ್ಟಿ. ನೀವು ಈ ಎರಡನೆಯ ಗುಂಪಿನಲ್ಲೇ ಆರಿಸಿ. ಅಂಗಡಿಯವರು ಮೊದಲು ತೋರಿಸುವುದು ಅವರಿಗೆ ಹೆಚ್ಚು ಕಮಿಷನ್ ಸಿಗುವುದನ್ನು ಎಂಬುದೂ ನೆನಪಿರಲಿ.

ಲಿಂಗಸುಗೂರು ಸವಾರ:

ಸರ್, ನನ್ನದೂ ಇದೇ ಅಳತೆಯ ಗಾಲಿಯ ಕಾರು. ನಾನು ಕಳೆದ ವರ್ಷ 195/65 ಆರ್15 ಹಾಕಿಸಿದೆ. ಕಾರು ಸ್ವಲ್ಪ ಎತ್ತರವಾಯಿತು, ಹಂಪ್ಸ್ ದಾಟುವಾಗ ಹೊಟ್ಟೆ ತಾಗುವುದು ನಿಂತಿತು, ನೋಡಲೂ ಗತ್ತಾಗಿದೆ. ಅದೇ ರಿಮ್ಮಿಗೆ ಕೂರುತ್ತದೆ. ನಿಮ್ಮ ಗರಸಿನ ರಸ್ತೆಗೆ ಅಗಲದ ಟೈರೇ ಒಳ್ಳೆಯದು. ನಾಲ್ಕನ್ನೂ ಒಮ್ಮೆಗೇ ಹಾಕಿಸಿ, ನೈಟ್ರೋಜನ್ ತುಂಬಿಸಿ, ಬೇಸಿಗೆಯ ಚಿಂತೆ ಬಿಡಿ.

ತೋರಣಗಲ್ಲು ಎಂಜಿನಿಯರ್:

ಲಿಂಗಸುಗೂರಿನ ಗೆಳೆಯರು ಬೇಸರಿಸಿಕೊಳ್ಳಬಾರದು, ಅಳತೆಯ ವಿಷಯದಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ಲೆಕ್ಕ ಹಾಕಿ ನೋಡೋಣ. 185/65 ಆರ್15 ಎಂದರೆ ಟೈರಿನ ಅಗಲ 185 ಮಿ.ಮೀ., ಪಕ್ಕೆಯ ಎತ್ತರ ಆ ಅಗಲದ ಶೇ. 65, ಅಂದರೆ 120 ಮಿ.ಮೀ.ಗೆ ಕೂದಲೆಳೆ ಹೆಚ್ಚು, ರಿಮ್ಮಿನ ವ್ಯಾಸ 15 ಇಂಚು. ಎಲ್ಲ ಕೂಡಿಸಿದರೆ ಗಾಲಿಯ ಒಟ್ಟು ವ್ಯಾಸ 621.5 ಮಿ.ಮೀ. ಆಗುತ್ತದೆ. 195/65ರಲ್ಲಿ ಅದು 634.5 ಮಿ.ಮೀ. ವ್ಯಾಸ 13 ಮಿ.ಮೀ. ಹೆಚ್ಚಿದರೂ ಕಾರು ಮೇಲೇಳುವುದು ಅದರ ಅರ್ಧದಷ್ಟು, ಆರೂವರೆ ಮಿ.ಮೀ. ಮಾತ್ರ. ಹೊಟ್ಟೆ ತಾಗುವುದು ನಿಂತಿದ್ದರೆ ಅದರ ಶ್ರೇಯಸ್ಸು ಅಷ್ಟಿಷ್ಟು ಹೊಸ ಟೈರಿನ ಪೂರ್ಣ ಗ್ರಿಪ್ಪಿಗೂ ಸಲ್ಲಬೇಕು. ಇದಕ್ಕೆ ಪ್ರತಿಯಾಗಿ ಗಾಲಿಯ ತೂಕ ಹೆಚ್ಚುತ್ತದೆ, ಪೆಟ್ರೋಲು ಕೊಂಚ ಹೆಚ್ಚು ಕುಡಿಯುತ್ತದೆ, ಮೀಟರು ನೂರು ತೋರಿಸುವಾಗ ಹಿಂದೆ ಇದ್ದುದಕ್ಕಿಂತ ಎರಡು ಕಿ.ಮೀ. ಹೆಚ್ಚು ವೇಗದಲ್ಲಿ ಹೋಗುತ್ತಿರುತ್ತೀರಿ. ಇದರಿಂದ ದೊಡ್ಡ ಅಪಾಯವಿದೆಯೆಂದು ನಾನು ಹೇಳುವುದಿಲ್ಲ. ಆದರೆ ಮೇಷ್ಟ್ರ ಹಣದ ಮಿತಿಯಲ್ಲಿ ಅಗಲದ ಕಡಿಮೆ ದರ್ಜೆಯ ಟೈರಿಗಿಂತ ಅದೇ ಅಳತೆಯ ಉತ್ತಮ ಟೈರು ಲೇಸು. ಚಾಲಕನ ಬಾಗಿಲನ್ನು ತೆರೆದರೆ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಅಳತೆಯೂ ಹವಾದ ಒತ್ತಡವೂ ಇರುತ್ತದೆ. ಅದನ್ನೇ ಹಿಡಿದು ಹೋಗಿ.

ಅಳತೆಯ ಪಕ್ಕದಲ್ಲಿರುವ ಇನ್ನೊಂದು ಅಂಕೆಯನ್ನು ಯಾರೂ ನೋಡುವುದಿಲ್ಲ. 88ಎಚ್ ಎಂದಿದ್ದರೆ, 88 ಎಂಬ ಭಾರಸೂಚಿಗೆ ಒಂದು ಟೈರು 560 ಕೆ.ಜಿ. ಹೊರಬಲ್ಲದು ಎಂದೂ ಎಚ್ ಎಂಬ ಅಕ್ಷರಕ್ಕೆ ಗಂಟೆಗೆ 210 ಕಿ.ಮೀ. ವೇಗದವರೆಗೆ ತಾಳಬಲ್ಲದು ಎಂದೂ ಅರ್ಥ. ಟಿ ಎಂದರೆ 190, ಎಸ್ ಎಂದರೆ 180. ಸಿಂಧನೂರಿನಲ್ಲಿ ಯಾರು 210ರಲ್ಲಿ ಓಡಿಸುತ್ತಾರೆ ಎಂದು ನಗಬೇಡಿ. ವೇಗದ ಈ ಪರೀಕ್ಷೆ ನಿಜದಲ್ಲಿ ಶಾಖವನ್ನು ತಾಳುವ ಪರೀಕ್ಷೆಯೇ ಆಗಿರುವುದರಿಂದ, ಮೇಲಿನ ಅಕ್ಷರದ ಟೈರಿಗೆ ನಮ್ಮ ಬಿಸಿಲಿನಲ್ಲಿ ಅಷ್ಟರಮಟ್ಟಿಗೆ ಹೆಚ್ಚಿನ ಅಂತರ ಸಿಗುತ್ತದೆ. ಈಗಿರುವ ಟೈರಿನ ಮೇಲೆ ಏನು ಬರೆದಿದೆಯೋ ಅದಕ್ಕಿಂತ ಕಡಿಮೆಯ ಭಾರಸೂಚಿಯನ್ನಾಗಲಿ ಅಕ್ಷರವನ್ನಾಗಲಿ ಒಪ್ಪಬೇಡಿ.

ಬೇಸಿಗೆಯಲ್ಲಿ ಟೈರು ಸಿಡಿಯುವುದರ ಬಗ್ಗೆ ಒಂದು ತಪ್ಪು ಕಲ್ಪನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಟೈರು ಒಡೆಯುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಹವಾ ಕಡಿಮೆ ಹಾಕಿಸಬೇಕು ಎಂದು ಪೆಟ್ರೋಲ್ ಬಂಕಿನ ಹುಡುಗರಿಂದ ಹಿಡಿದು ಹಿರಿಯ ಚಾಲಕರವರೆಗೆ ಎಲ್ಲರೂ ಹೇಳುತ್ತಾರೆ. ನಿಜ ಇದಕ್ಕೆ ತಿರುಗುಮುರುಗು. ಉಷ್ಣತೆ 10 ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಟೈರನ್ನು ಮಾಡುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಮಾಡಿರುತ್ತಾರೆ. ಹವಾ ಕಡಿಮೆಯಾದಾಗ ಮಾತ್ರ ಪಕ್ಕೆಯು ನೆಲಕ್ಕೆ ತಾಗಿದ ಪ್ರತಿ ಸಲವೂ ಮಿತಿಮೀರಿ ಮಡಿಸಿಕೊಂಡು ಬಿಚ್ಚಿಕೊಳ್ಳುತ್ತದೆ. ನಿಮ್ಮ ಗಾಲಿ ಗಂಟೆಗೆ 90 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಸುಮಾರು 770 ಸುತ್ತು ಸುತ್ತುತ್ತದೆ. ಒಂದು ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತ ಹೋದರೆ ಬಗ್ಗುವ ಜಾಗ ಬೆರಳಿಗೆ ಬಿಸಿ ತಾಗುತ್ತದಲ್ಲ, ಪಕ್ಕೆಯಲ್ಲೂ ಅದೇ ಆಗುವುದು. ಹೊರಗೆ ರಾಯಚೂರಿನ ನಡುಹಗಲು, ಕೆಳಗೆ ಕಾದ ಡಾಂಬರು, ಒಳಗೆ ಐದು ಜನ, ಡಿಕ್ಕಿಯಲ್ಲಿ ಅಕ್ಕಿ ಚೀಲ, ಹವಾ ಮಾತ್ರ ಇರಬೇಕಾದುದಕ್ಕಿಂತ ಆರೇಳು ಪಿಎಸ್‌ಐ ಕಡಿಮೆ: ಟೈರು ಸಿಡಿಯಲು ಇಷ್ಟು ಸಾಕು.

ಹವಾವನ್ನು ಬೆಳಿಗ್ಗೆ, ಕಾರು ಎರಡು ಮೂರು ಕಿ.ಮೀ.ಗಿಂತ ಹೆಚ್ಚು ಓಡುವ ಮೊದಲು ನೋಡಬೇಕು. ಬಳ್ಳಾರಿಯಿಂದ ಬಂದ ಬಿಸಿ ಗಾಲಿಗೆ ಮಾಪಕ ಇಟ್ಟು, ಹೆಚ್ಚಾಗಿದೆಯೆಂದು ಹವಾ ಬಿಡಿಸಿದರೆ ಮರುದಿನ ಬೆಳಿಗ್ಗೆ ಅದು ಕಡಿಮೆಯಾಗಿರುತ್ತದೆ. ನೈಟ್ರೋಜನ್ ಬಗ್ಗೆ ಒಂದೇ ಮಾತು: ಬಂಕಿನಲ್ಲಿ ಪುಕ್ಕಟೆ ಸಿಗುವ ಗಾಳಿಯಲ್ಲಿ ಶೇ. 78 ಭಾಗ ಅದೇ ಇದೆ. ತಿಂಗಳಿಗೆ ಎರಡು ಸಲ ಹವಾ ನೋಡಿಸುವವರಿಗೆ ಅದರಿಂದ ವಿಶೇಷ ಲಾಭವೇನಿಲ್ಲ.

ಕೊಪ್ಪಳದ ಗಾಲಿ ಅಂಗಡಿ:

ಸರ್, ನಾನು ಹದಿನಾಲ್ಕು ವರ್ಷಗಳಿಂದ ವೀಲ್ ಅಲೈನ್‌ಮೆಂಟ್, ಅಂದರೆ ಗಾಲಿಗಳ ಕೋನ ಸರಿಪಡಿಸುವ ಕೆಲಸ ಮಾಡುತ್ತಿದ್ದೇನೆ. ಮೇಲೆ ಹಿರಿಯರು ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆಯಿದೆ. ಆದರೆ ನೀವು ಪ್ರಶ್ನೆಯ ಮೊದಲ ಸಾಲುಗಳಲ್ಲೇ ಬರೆದ ಒಂದು ಸಂಗತಿಯನ್ನು ಎಲ್ಲರೂ ದಾಟಿ ಮುಂದೆ ಹೋಗಿದ್ದಾರೆ. ಹೊರ ಅಂಚು ಚೆನ್ನಾಗಿದ್ದು ಒಳ ಅಂಚು ಮಾತ್ರ ಬೋಳಾಗಿದೆ ಎಂದಿದ್ದೀರಿ. ಇದು ಟೈರಿನ ಕಂಪನಿಯ ದೋಷವಲ್ಲ, ನಿಮ್ಮ ರಸ್ತೆಯ ದೋಷವೂ ನೇರವಾಗಿ ಅಲ್ಲ. ಕಾರಿನಲ್ಲಿ ಏನೋ ಸಡಿಲಗೊಂಡಿದೆ. ಅದನ್ನು ಸರಿಪಡಿಸದೆ ಯಾವ ಕಂಪನಿಯ ಟೈರು ಹಾಕಿಸಿದರೂ ಹದಿನೈದು ಸಾವಿರ ಕಿ.ಮೀ. ಆಗುವಷ್ಟರಲ್ಲಿ ನೀವು ಮತ್ತೆ ಇದೇ ಪ್ರಶ್ನೆಯನ್ನು ಕೇಳುತ್ತೀರಿ.

ಸವೆದ ಬಗೆಯೇ ಕಾರಣವನ್ನು ಹೇಳುತ್ತದೆ. ನಡುಭಾಗ ಮಾತ್ರ ಸವೆದಿದ್ದರೆ ಹವಾ ಹೆಚ್ಚು, ಎರಡೂ ಅಂಚು ಸವೆದಿದ್ದರೆ ಹವಾ ಕಡಿಮೆ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ ಅಥವಾ ಬ್ಯಾಲೆನ್ಸಿಂಗ್ ಇಲ್ಲ. ಒಂದೇ ಅಂಚು ಸವೆದಿದ್ದರೆ ಗಾಲಿಯ ಕೋನ ತಪ್ಪಿದೆ. ನೀವೊಂದು ಪರೀಕ್ಷೆ ಮಾಡಿ ನೋಡಿ. ಸ್ಟೇರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ನಿಲ್ಲಿಸಿ, ಮುಂದಿನ ಟೈರಿನ ಮೇಲೆ ಅಂಗೈಯನ್ನು ಹೊರಗಿನಿಂದ ಒಳಗೆ ಒಮ್ಮೆ, ಒಳಗಿನಿಂದ ಹೊರಗೆ ಒಮ್ಮೆ ಎಳೆಯಿರಿ. ಒಂದು ದಿಕ್ಕಿಗೆ ನುಣ್ಣಗೆ ಜಾರಿ, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ತಡೆದರೆ ಟೋ ತಪ್ಪಿದೆ, ಅಂದರೆ ಎರಡು ಮುಂಗಾಲಿಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲ. ಗಾಲಿಗಳ ಮೂತಿ ಹೊರಗಡೆಗೆ ತೆರೆದುಕೊಂಡಿದ್ದರೆ ಒಳ ಅಂಚು ಸವೆಯುತ್ತದೆ, ಒಳಗಡೆಗೆ ಮುಚ್ಚಿಕೊಂಡಿದ್ದರೆ ಹೊರ ಅಂಚು.

ಇಷ್ಟು ಸವೆಯಬೇಕಾದರೆ ಬರೀ ಅಲೈನ್‌ಮೆಂಟ್ ತಪ್ಪಿದ್ದಷ್ಟೇ ಇರಲಾರದು. ಗಾಲಿಯನ್ನು ಕೆಳಗಿನಿಂದ ಕಾರಿಗೆ ಹಿಡಿದಿರುವ ಲೋಯರ್ ಆರ್ಮಿನ ರಬ್ಬರು ಬುಷ್ ಹರಿದಿರಬಹುದು, ಸ್ಟೇರಿಂಗಿನ ತಿರುವನ್ನು ಗಾಲಿಗೆ ಮುಟ್ಟಿಸುವ ಟೈ ರಾಡ್ ಎಂಡ್ ಸಡಿಲವಾಗಿರಬಹುದು. ಕಾರನ್ನು ಮೇಲೆತ್ತಿಸಿ, ಗಾಲಿಯನ್ನು ಎಡಬಲಕ್ಕೆ ಅಲುಗಾಡಿಸಿ ನೋಡುವಂತೆ ಹೇಳಿ. ಸಡಿಲವಿರುವ ಭಾಗವನ್ನು ಬದಲಿಸುವುದು ಮೊದಲು, ಹೊಸ ಟೈರು ಎರಡನೆಯದು, ಅಲೈನ್‌ಮೆಂಟ್ ಕೊನೆಯದು. ಈ ಕ್ರಮ ತಪ್ಪಿದರೆ ಮೂರಕ್ಕೂ ಕೊಟ್ಟ ದುಡ್ಡು ವ್ಯರ್ಥ. ನಾಲ್ಕು ಗಾಲಿಯ ಅಲೈನ್‌ಮೆಂಟ್ ಎಂದು ಹೇಳಿ ಹೆಚ್ಚು ಹಣ ಕೇಳುವವರೂ ಇದ್ದಾರೆ. ನಿಮ್ಮ ಕಾರಿನ ಹಿಂದಿನ ಎರಡು ಗಾಲಿಗಳು ಒಂದೇ ತೊಲೆಗೆ ಕೂಡಿಕೊಂಡಿರುವುದರಿಂದ ಅಲ್ಲಿ ತಿರುಗಿಸಿ ಸರಿಮಾಡುವ ವ್ಯವಸ್ಥೆಯೇ ಇಲ್ಲ. ಯಂತ್ರ ಅಂಕೆಯನ್ನು ತೋರಿಸುತ್ತದೆ, ಅಷ್ಟೇ.

ಎರಡೋ ನಾಲ್ಕೋ ಎಂಬ ಪ್ರಶ್ನೆಗೆ ಉತ್ತರ ಹಿಂದಿನ ಟೈರಿನ ತಾರೀಖಿನಲ್ಲಿದೆ. ಪಕ್ಕೆಯ ಮೇಲೆ ಒಂದು ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕೆಗಳಿರುತ್ತವೆ. 1119 ಎಂದಿದ್ದರೆ 2019ನೆಯ ವರ್ಷದ ಹನ್ನೊಂದನೆಯ ವಾರ ಎಂದು ಓದಬೇಕು. ಇದು ಟೈರಿನ ಒಂದೇ ಮಗ್ಗುಲಲ್ಲಿ ಇರುವುದರಿಂದ ಹೊರಗೆ ಕಾಣದಿದ್ದರೆ ಕಾರಿನ ಕೆಳಗೆ ಬಗ್ಗಿ ನೋಡಿ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು, ಹತ್ತು ವರ್ಷ ದಾಟಿದ್ದನ್ನು ಹೇಗಿದ್ದರೂ ತೆಗೆಯಬೇಕು ಎಂದು ತಯಾರಕರಲ್ಲಿ ಹಲವರು ಹೇಳುತ್ತಾರೆ. ನಮ್ಮ ಬಿಸಿಲಿನಲ್ಲಿ, ನೆರಳಿಲ್ಲದೆ ದಿನವಿಡೀ ಶಾಲೆಯ ಅಂಗಳದಲ್ಲಿ ನಿಲ್ಲುವ ಕಾರಿಗೆ, ನಾನು ಆರೇಳು ವರ್ಷಕ್ಕಿಂತ ಮುಂದೆ ಹೋಗಬೇಡಿ ಎನ್ನುತ್ತೇನೆ. ಗ್ರಿಪ್‌ನ ಸಂದಿಗಳ ತಳದಲ್ಲಿ, ಪಕ್ಕೆಯ ಮೇಲೆ ಬೇಸಿಗೆಯ ಎರೆ ಹೊಲದಂತೆ ಸಣ್ಣ ಬಿರುಕುಗಳು ಕಂಡರಂತೂ ಯೋಚಿಸುವ ಅಗತ್ಯವೇ ಇಲ್ಲ.

ಮುಂದೆ ಎಂದಾದರೂ ಎರಡನ್ನೇ ಬದಲಿಸುವ ಸಂದರ್ಭ ಬಂದರೆ ಹೊಸವನ್ನು ಹಿಂದೆ ಹಾಕಿಸಿ, ಹಳೆಯವನ್ನು ಮುಂದೆ ತನ್ನಿ. ನನ್ನ ಗಿರಾಕಿಗಳಲ್ಲಿ ಹತ್ತರಲ್ಲಿ ಒಂಬತ್ತು ಜನ ಇದಕ್ಕೆ ಜಗಳ ತೆಗೆಯುತ್ತಾರೆ, ಎಂಜಿನ್ ಶಕ್ತಿ ಮುಂದಿನ ಗಾಲಿಗಳಿಗಲ್ಲವೇ ಎನ್ನುತ್ತಾರೆ. ಮುಂಗಾಲಿ ಜಾರಿದರೆ ಕಾರು ನೆಟ್ಟಗೆ ಹೋಗುತ್ತದೆ, ವೇಗ ತಗ್ಗಿಸಿದರೆ ಹತೋಟಿಗೆ ಬರುತ್ತದೆ. ಹಿಂಗಾಲಿ ಜಾರಿದರೆ ಕಾರು ಬುಗುರಿಯಂತೆ ತಿರುಗುತ್ತದೆ, ಆಗ ಏನು ಮಾಡಬೇಕೆಂದು ಹೊಳೆಯುವಷ್ಟರಲ್ಲಿ ಗದ್ದೆಯಲ್ಲಿರುತ್ತೀರಿ. ನಮ್ಮಲ್ಲಿ ಮಳೆ ಕಡಿಮೆ ಎಂಬ ಧೈರ್ಯವೂ ಬೇಡ. ಗದ್ದೆಯಿಂದ ಬರುವ ಟ್ರ್ಯಾಕ್ಟರು ಡಾಂಬರಿನ ಮೇಲೆ ಉದುರಿಸಿದ ಎರೆ ಮಣ್ಣಿನ ರಾಡಿಗೆ ನಾಲ್ಕು ಹನಿ ಬಿದ್ದರೆ ಸಾಕು, ಬೆಣ್ಣೆಯ ಮೇಲೆ ಓಡಿಸಿದಂತೆ.

ಲಿಂಗಸುಗೂರು ಸವಾರ:

ಎಂಜಿನಿಯರ್ ಸರ್ ಅವರ ಲೆಕ್ಕವನ್ನು ಒಪ್ಪಿದೆ. ಆರೂವರೆ ಮಿ.ಮೀ. ಎಂದರೆ ಪೆನ್ಸಿಲಿನ ದಪ್ಪಕ್ಕಿಂತಲೂ ಕಡಿಮೆ ಎಂದು ಗೊತ್ತಾದ ಮೇಲೆ ನನ್ನ ಗತ್ತು ಸ್ವಲ್ಪ ಇಳಿಯಿತು. ಆದರೂ ಅಗಲದ ಟೈರಿನ ಮೇಲೆ ಕಾರು ತಿರುವಿನಲ್ಲಿ ಹೆಚ್ಚು ಸ್ಥಿರವಾಗಿ ನಿಲ್ಲುತ್ತದೆ ಎಂಬ ನನ್ನ ಅನಿಸಿಕೆಯನ್ನು ಬಿಟ್ಟುಕೊಡಲಾರೆ. ಒಂದು ಸಂದೇಹ: ಗ್ರಿಪ್ ಎಷ್ಟು ಉಳಿದಿದ್ದರೆ ಓಡಿಸಬಹುದು? ಪಂಕ್ಚರ್ ಅಂಗಡಿಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಕೊಪ್ಪಳದ ಗಾಲಿ ಅಂಗಡಿ:

ನಿಯಮದ ಪ್ರಕಾರ ಕಾರಿನ ಟೈರಿಗೆ ಕನಿಷ್ಠ 1.6 ಮಿ.ಮೀ. ಇರಬೇಕು. ಹೊಸದರಲ್ಲಿ ಸಾಮಾನ್ಯವಾಗಿ ಏಳೆಂಟು ಮಿ.ಮೀ. ಇರುತ್ತದೆ. ಅಳೆಯಲು ಉಪಕರಣ ಬೇಕಿಲ್ಲ: ಪಕ್ಕೆಯ ಮೇಲ್ತುದಿಯಲ್ಲಿ ಸಣ್ಣ ತ್ರಿಕೋನ ಅಥವಾ ಟಿಡಬ್ಲ್ಯುಐ ಎಂಬ ಅಕ್ಷರಗಳಿರುವ ಕಡೆ, ನೇರವಾಗಿ ಗ್ರಿಪ್‌ನ ಸಂದಿಯೊಳಗೆ ನೋಡಿದರೆ ರಬ್ಬರಿನ ಒಂದು ಪುಟ್ಟ ಒಡ್ಡು ಕಾಣುತ್ತದೆ. ಗ್ರಿಪ್ ಸವೆದು ಆ ಒಡ್ಡಿನ ಮಟ್ಟಕ್ಕೆ ಬಂದರೆ ಟೈರು ಮುಗಿಯಿತು. ನನ್ನ ಮಾತು ಕೇಳುವುದಾದರೆ ಮೂರು ಮಿ.ಮೀ.ಗೆ ಬಂದಾಗಲೇ ಹೊಸದರ ಯೋಚನೆ ಮಾಡಿ.

ಸಿಂಧನೂರು ಮೇಷ್ಟ್ರು:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಭಾನುವಾರ ಕೆಲಸ ಮುಗಿಯಿತು. ಆದದ್ದನ್ನು ಬರೆಯುತ್ತಿದ್ದೇನೆ, ಇದೇ ಪ್ರಶ್ನೆ ಇರುವ ಬೇರೆಯವರಿಗೆ ಉಪಯೋಗಕ್ಕೆ ಬರಲಿ.

ಕೊಪ್ಪಳದವರು ಹೇಳಿದ ಅಂಗೈ ಪರೀಕ್ಷೆಯನ್ನು ಮನೆಯ ಮುಂದೆಯೇ ಮಾಡಿದೆ. ಹೊರಗಡೆಗೆ ಎಳೆದಾಗ ಕೈ ಜಾರಿತು, ಒಳಗಡೆಗೆ ಎಳೆದಾಗ ಒಂದೊಂದು ತುಂಡು ರಬ್ಬರಿನ ಅಂಚೂ ಚರ್ಮಕ್ಕೆ ತಡೆಯಿತು. ಹಿಂದಿನ ಟೈರಿನ ತಾರೀಖನ್ನು ಹುಡುಕಲು ಅಂಗಳದಲ್ಲಿ ಚಾಪೆ ಹಾಸಿ ಮೊಬೈಲ್ ಬೆಳಕಿನಲ್ಲಿ ಕಾರಿನ ಕೆಳಗೆ ತೂರಬೇಕಾಯಿತು. ನಾಲ್ಕೂ 2019ರ ಆರಂಭದ ವಾರಗಳವು. ಸಂದಿಗಳ ತಳದಲ್ಲಿ ಬಿರುಕುಗಳು ಸ್ಪಷ್ಟವಾಗಿದ್ದವು. ಹಾಗಾಗಿ ಎರಡೋ ನಾಲ್ಕೋ ಎಂಬ ಪ್ರಶ್ನೆ ಅಲ್ಲಿಗೇ ಮುಗಿಯಿತು.

ಶನಿವಾರ ಮೆಕ್ಯಾನಿಕ್ ಬಳಿ ಕಾರನ್ನು ಮೇಲೆತ್ತಿಸಿದಾಗ ಎಡಗಡೆಯ ಲೋಯರ್ ಆರ್ಮಿನ ಹಿಂದಿನ ಬುಷ್ ಅರ್ಧಕ್ಕೆ ಸೀಳಿತ್ತು. ಬಾಯಿ ತೆರೆದ ಮೀನಿನಂತಿದ್ದ ಅದನ್ನು ಅವರು ಸ್ಕ್ರೂಡ್ರೈವರಿನಿಂದ ಮೀಟಿ ತೋರಿಸಿದರು. ಟೈ ರಾಡ್ ಸರಿಯಾಗಿಯೇ ಇತ್ತು. ಎರಡೂ ಕಡೆಯ ಬುಷ್‌ಗಳನ್ನು ಬದಲಿಸಿದೆವು.

ಟೈರಿಗಾಗಿ ಮೊದಲು ಹೋದ ಅಂಗಡಿಯಲ್ಲಿ ಒಳ್ಳೆಯ ಕಂಪನಿಯ ಟೈರನ್ನೇ, ಒಂದಕ್ಕೆ ನಾನೂರು ರೂಪಾಯಿ ಕಡಿಮೆಗೆ, ತೋರಿಸಿದರು. ಹೊದಿಸಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ಬಿಡಿಸಿ ಅಂಕೆಗಳನ್ನು ಓದಿದರೆ ಎರಡರ ಮೇಲೆ 4125, ಇನ್ನೆರಡರ ಮೇಲೆ 0923. “ಗೋದಾಮಿನ ನೆರಳಾಗ ಇದ್ದದ್ದು ರೀ, ಏನೂ ಆಗಿಲ್ಲ” ಎಂಬ ಸಮಾಧಾನ ಸಿಕ್ಕಿತು. ನೆರಳಿನಲ್ಲಿ ಇಟ್ಟ ಟೈರು ಬೇಗ ಕೆಡುವುದಿಲ್ಲವೆಂಬುದು ನಿಜವೇ ಇರಬಹುದು. ಆದರೆ ಅದು ಎಲ್ಲಿತ್ತು ಎಂಬುದಕ್ಕೆ ಅವರ ಮಾತಿನ ಹೊರತು ನನಗೆ ಬೇರೆ ಸಾಕ್ಷಿ ಇಲ್ಲದ ಕಾರಣ ಅಲ್ಲಿಂದ ಎದ್ದು ಬಂದೆ. ಎರಡನೆಯ ಅಂಗಡಿಯಲ್ಲಿ ನಾಲ್ಕೂ 2025ರ ಕೊನೆಯ ತಿಂಗಳುಗಳವು ಸಿಕ್ಕವು. ಅದೇ 185/65 ಆರ್15, ಭಾರಸೂಚಿ 88, ಅಕ್ಷರ ಎಚ್. ಐಎಸ್‌ಐ ಗುರುತನ್ನೂ ನೋಡಿಕೊಂಡೆ. ಗಂಗಾವತಿಯವರು ಹೇಳಿದ ಎರಡನೆಯ ಗುಂಪಿನದನ್ನೇ, ಸದ್ದಿಗೆ ಹೆದರದೆ, ಆರಿಸಿದೆ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿರುವುದರಿಂದ ನಾನು ಅಂದುಕೊಂಡುದಕ್ಕಿಂತ ಕಡಿಮೆಗೇ ಮುಗಿದು, ಬುಷ್‌ಗಳ ಖರ್ಚು ಅದರಲ್ಲೇ ಹೊಂದಿಕೊಂಡಿತು. ಬಿಲ್ಲಿಲ್ಲದಿದ್ದರೆ ಇನ್ನೂ ಕಡಿಮೆ ಎಂಬ ಆಮಿಷವೂ ಬಂತು. ವಾರಂಟಿಗೆ ಬಿಲ್ಲೇ ಆಧಾರವಾದ್ದರಿಂದ ಒಪ್ಪಲಿಲ್ಲ.

ಹಳೆಯ ಟೈರುಗಳನ್ನು ಅಂಗಡಿಯವರು ತಾವೇ ಇಟ್ಟುಕೊಳ್ಳುತ್ತೇವೆ ಎಂದರು. ಹಿಂದಿನ ಎರಡನ್ನು ಒರೆಸಿ ಇನ್ನೊಬ್ಬರ ಕಾರಿಗೆ ಹಾಕಿದರೆ ಏನು ಗತಿ ಎಂಬ ಯೋಚನೆ ಬಂದು, ಎದುರಿಗೇ ಪಕ್ಕೆಗಳಿಗೆ ಚೂರಿ ಹಾಕಿಸಿದೆ. ಅಂಗಡಿಯವರಿಗೆ ಅಷ್ಟೇನೂ ಹಿತವಾಗಲಿಲ್ಲ.

ಅಲೈನ್‌ಮೆಂಟಿನ ಮೊದಲು ಪರದೆಯ ಮೇಲೆ ಎಡಗಾಲಿಯ ಅಂಕೆ ಕೆಂಪಾಗಿತ್ತು, ಆಮೇಲೆ ಹಸಿರಾಯಿತು. ಆ ಎರಡೂ ಚೀಟಿಗಳನ್ನು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟಿದ್ದೇನೆ.

ತೋರಣಗಲ್ಲು ಎಂಜಿನಿಯರ್:

ಒಳ್ಳೆಯದಾಯಿತು. ಸ್ಟೆಪ್ನಿಯ ತಾರೀಖನ್ನು ನೋಡಿದಿರಾ? ಅದೂ ಏಳು ವರ್ಷದ್ದೇ. ನೆಲವನ್ನೇ ಮುಟ್ಟದಿದ್ದರೂ ರಬ್ಬರಿಗೆ ವಯಸ್ಸು ಆಗುತ್ತದೆ. ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ಹೋಗಲು ಮಾತ್ರ ಅದನ್ನು ನೆಚ್ಚಿ, ಹವಾ ನೋಡಿಸುವಾಗ ಅದನ್ನು ಮರೆಯಬೇಡಿ. ಹೊಸ ಟೈರಿನ ಮೇಲ್ಪದರ ನುಣುಪಾಗಿರುವುದರಿಂದ ಮೊದಲ ಇನ್ನೂರು ಮುನ್ನೂರು ಕಿ.ಮೀ. ಬ್ರೇಕನ್ನು ಮೃದುವಾಗಿ ಬಳಸಿ.

ಕೊಪ್ಪಳದ ಗಾಲಿ ಅಂಗಡಿ:

ಸರ್, ಗಾಲಿ ಬಿಚ್ಚಿ ಹಾಕಿದ ಮೇಲೆ ನೂರು ಕಿ.ಮೀ. ಓಡಿದಾಗ ಒಮ್ಮೆ ನಟ್ಟುಗಳನ್ನು ಬಿಗಿ ನೋಡಿಸಿ. ಅಲಾಯ್ ರಿಮ್ಮಿನಲ್ಲಿ ಕೆಲವೊಮ್ಮೆ ಕುಳಿತುಕೊಂಡು ಸಡಿಲವಾಗುತ್ತವೆ. ಹತ್ತು ಸಾವಿರ ಕಿ.ಮೀ.ಗೆ ಮುಂದಿನವನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಮಾಡಿಸಿ.

ಸಿಂಧನೂರು ಮೇಷ್ಟ್ರು:

ಇಂದು ಶಾಲೆ ಬಿಟ್ಟು ಬರುವಾಗ ನಟ್ಟುಗಳನ್ನು ನೋಡಿಸಿದೆ. ಹದಿನೈದು ಬಿಗಿಯಾಗಿಯೇ ಇದ್ದವು. ಹಿಂದಿನ ಬಲಗಾಲಿಯಲ್ಲಿ ಒಂದು ಕಾಲು ಸುತ್ತು ತಿರುಗಿತು. ಸ್ಟೆಪ್ನಿಯಲ್ಲಿ ಹವಾ ಹನ್ನೆರಡು ಪಿಎಸ್‌ಐ ಇತ್ತು.